ಅಂಗಡಿ ಸಾಮಾನಾ, ಮನೆ ಸಾಮಾನಾ? ಒಂದೇ ಕೌದಿ ಮೇಲೆ ಎರಡನ್ನೂ ಹಾಕಿ ನೋಡಿದೆ

ನಮ್ಮತ್ತೆ ತವರು ನವಲಗುಂದದ ಹತ್ರ, ಜಮಖಾನಕ್ಕೆ ಹೆಸರಾದ ಊರಲ್ವಾ ಅದೇ. ಅವರ ಕಡೆ ಸೀರೆ ಹಳೇದಾಯ್ತು ಅಂದ್ರೆ ಎಸೆಯೋ ಮಾತೇ ಇಲ್ಲ, ಟ್ರಂಕಿಗೆ ಹೋಗತ್ತೆ, ನಾಲ್ಕೈದು ಸೇರಿದ್ಮೇಲೆ ಕೌದಿ, ಅಂದ್ರೆ ಹಳೇ ಬಟ್ಟೆ ಪದರ ಪದರ ಸೇರಿಸಿ ಹೊಲಿದ ಹೊದಿಕೆ, ಆಗಿ ಹೊರಗೆ ಬರತ್ತೆ. ನನಗೆ ಇದು ಹೊಸದು, ನಾನು ಬೆಂಗಳೂರಲ್ಲೇ ಹುಟ್ಟಿ ಬೆಳೆದೋಳು. 2023ರಲ್ಲಿ ನನ್ನ ತಂಗಿಗೆ ಮಗು ಆಯ್ತು, ಅವಳಿರೋದು ಅಮೆರಿಕಾದ ಮಿನ್ನಿಯಾಪೊಲಿಸ್, ಅಲ್ಲಿನ ಚಳಿಗೆ ಮಗುಗೊಂದು ಕೌದಿ ಹೊಲಿದು ಕಳಿಸ್ಬೇಕು ಅಂತ ಮನಸ್ಸಾಯ್ತು. ಆನ್‌ಲೈನಲ್ಲಿ ನೋಡಿದ್ರೆ ಇಂಥ ಹೊದಿಕೆ ಹೊಲಿಯೋಕೆ ಕ್ವಿಲ್ಟಿಂಗ್ ಸಾಮಾನು ಅಂತ ರಾಶಿ ರಾಶಿ ಇದೆ, ಮಾಯ ಆಗೋ ಪೆನ್ನು, ಬಣ್ಣ ಬಣ್ಣದ ಕ್ಲಿಪ್ಪು, ಸ್ಪ್ರೇ, ಮೇಣದ ಡಬ್ಬಿ, ಸ್ವಲ್ಪ ತರಿಸಿಯೂ ಬಿಟ್ಟೆ. ಅತ್ತೆ ಒಂದೊಂದಾಗಿ ಕೈಲಿ ತಗೊಂಡು ನೋಡಿ "ಸಬಕಾರ ಚೂರು ಐತಿ, ಕಲ್ಲು ಐತಿ, ಗಂಜಿ ಐತಿ, ಇನ್ನೇನ ಬೇಕವಾ ನಿನಗ?" ಅಂದ್ರು.

ಸರಿ, ಯಾವುದು ನಿಜವಾಗ್ಲೂ ಚೆನ್ನಾಗಿದೆ ನೋಡೇ ಬಿಡೋಣ ಅಂತ 36 ಇಂಚು ಅಗಲ 45 ಇಂಚು ಉದ್ದದ ಕೌದೀನ ಮಧ್ಯಕ್ಕೆ ಒಂದು ಕೆಂಪು ದಾರ ಹಾಕಿ ಎರಡು ಭಾಗ ಮಾಡ್ಕೊಂಡೆ, ಎಡಗಡೆ ಅಂಗಡಿ ಸಾಮಾನು, ಬಲಗಡೆ ಮನೇದು. ತೀರ್ಪು ಕೊಡೋದು ಹೊಲಿದ ದಿನ ಅಲ್ಲ, ಐದು ಸಲ ಒಗೆದ ಮೇಲೆ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಮಗು ಕೌದಿ ವಾರವಾರ ಒಗೆಯೋದು ತಾನೇ.

ಮೊದಲು ಗೆರೆ ಹಾಕೋ ವಿಷಯ, ಇದರಲ್ಲೇ ನಾನು ತುಂಬಾ ಕಲ್ತಿದ್ದು. ಎಡಗಡೆ ಮಾಯ ಆಗೋ ಪೆನ್ನಲ್ಲಿ ಗೆರೆ ಎಳೆದೆ, ಎಷ್ಟು ಚೆಂದ ಅಂದ್ರೆ ಸಣ್ಣ ಗೆರೆ, ಯಾವ ಬಟ್ಟೆ ಮೇಲಾದ್ರೂ ಜಾರಲ್ಲ, ಇಸ್ತ್ರಿ ಪೆಟ್ಟಿಗೆ ಆಡಿಸಿದ್ರೆ ಮಂಗಮಾಯ. ಆದ್ರೆ ಅದು ಹೋಗಲ್ಲ ಸ್ವಾಮಿ, ಬಿಸಿಗೆ ಬಣ್ಣ ಮಾತ್ರ ಕಾಣದೇ ಇರೋ ಹಾಗಾಗತ್ತೆ, ಇಂಕು ಬಟ್ಟೇಲೇ ಇರತ್ತೆ, ತುಂಬಾ ತಣ್ಣಗಾದ್ರೆ ಮತ್ತೆ ಕಾಣತ್ತೆ ಅಂತ ಕೇಳಿದ್ದೆ. ಅದಕ್ಕೆ ಒಂದು ತುಂಡಿನ ಮೇಲೆ ಗೆರೆ ಎಳೆದು, ಇಸ್ತ್ರಿ ಮಾಡಿ ಅಳಿಸಿ, ರಾತ್ರಿಯೆಲ್ಲಾ ಫ್ರೀಜರಲ್ಲಿ ಇಟ್ಟೆ, ಬೆಳಿಗ್ಗೆ ತೆಗೆದ್ರೆ ಗೆರೆ ಮಸುಕಾಗಿ ವಾಪಸ್ ಬಂದಿದೆ! ಮನೆ ಫ್ರೀಜರ್ ಮೈನಸ್ 18 ಡಿಗ್ರಿ ಇರತ್ತೆ, ತಂಗಿ ಊರಲ್ಲಿ ಜನವರಿಯ ಎಷ್ಟೋ ರಾತ್ರಿ ಹೊರಗಡೇನೇ ಅಷ್ಟು ಚಳಿ ಇರತ್ತೆ, ಕೌದಿ ಒಂದು ರಾತ್ರಿ ಕಾರಲ್ಲಿ ಮರೆತುಬಿಟ್ರೂ ಸಾಕು. ಎಡಗಡೆ ಅಷ್ಟೂ ಗೆರೇನ ಸೋಪು ನೀರಲ್ಲಿ ಉಜ್ಜಿ ಉಜ್ಜಿ ತೆಗೆಯೋಕೆ ಒಂದು ಭಾನುವಾರ ಪೂರ್ತಿ ಹೋಯ್ತು.

ಬಲಗಡೆ ಸವೆದ ಸೋಪಿನ ಚೂರು. ಹಸಿ ಚೂರು ಬೇಡ, ಒಂದು ವಾರ ಕಿಟಕಿ ಮೇಲೆ ಒಣಗಿಸಿ, ಅಂಚು ಚಾಕು ಥರ ಚೂಪಾಗಿದ್ರೆ ಗೆರೆ ಸಣ್ಣಗೆ ಬರತ್ತೆ, ಮೊದಲನೇ ಒಗೆತಕ್ಕೇ ಹೋಗತ್ತೆ, ಹೋಗ್ಲೇ ಬೇಕು, ಅದು ಸೋಪೇ ಅಲ್ವಾ. ಆದ್ರೆ ಕ್ರೀಮ್ ಇರೋ ನುಣುಪು ಸೋಪು ಮಾತ್ರ ತಗೋಬೇಡಿ, ಜಿಡ್ಡು ಗೆರೆ ಬಿಡತ್ತೆ, ಅದರ ಮೇಲೆ ಇಸ್ತ್ರಿ ಮಾಡಿದ್ರೆ ಕೂತ್ಕೊಳತ್ತೆ. ಬಿಳಿ ಬಟ್ಟೆ ಮೇಲೆ ಸೋಪು ಕಾಣಲ್ಲ, ಅಲ್ಲಿಗೆ ಅಂಗಡಿಯ ನೀಲಿ ಟೇಲರ್ ಚಾಕೇ ಸರಿ, ಅದಕ್ಕೆ ಬದಲಿ ಮನೇಲಿ ನನಗೆ ಸಿಗ್ಲಿಲ್ಲ. ಸೀಸದ ಪೆನ್ಸಿಲ್ ಹಾಕಿದ ಕಡೆ ಐದನೇ ಒಗೆತ ಆದ್ಮೇಲೂ ಬೂದು ಗೆರೆ ಹಾಗೇ ಇದೆ. ಅರಿಶಿನ ಕೊಂಬಲ್ಲಿ ಗೆರೆ ಹಾಕು ಅಂತ ಒಬ್ಬರು ಹೇಳಿದ್ರು, ದಯವಿಟ್ಟು ಬೇಡ, ಸೋಪು ತಗುಲಿದ ಕೂಡ್ಲೇ ಕುಂಕುಮದ ಹಾಗೆ ಕೆಂಪಾಗತ್ತೆ.

ಇನ್ನೊಂದು ಅತ್ತೆ ಹೇಳ್ಕೊಟ್ಟಿದ್ದು, ಉದ್ದ ನೇರ ಗೆರೆಗೆ. ಹತ್ತಿ ದಾರಕ್ಕೆ ವಿಭೂತಿ ಚೆನ್ನಾಗಿ ಮೆತ್ತಿ, ಎರಡು ತುದಿ ಇಬ್ಬರು ಬಿಗಿಯಾಗಿ ಹಿಡ್ಕೊಂಡು, ಮಧ್ಯದಲ್ಲಿ ಎತ್ತಿ ಪಟ್ ಅಂತ ಬಿಟ್ರೆ ಗೆರೆ ಬೀಳತ್ತೆ, ಬಡಗಿಗಳು ಮರದ ಮೇಲೆ ಮಾಡ್ತಾರಲ್ಲ ಅದೇ ಥರ. ರಂಗೋಲಿ ಪುಡಿಯಲ್ಲೂ ಮಾಡಿ ನೋಡಿದೆ, ಅದು ತರಿತರಿ, ದಾರಕ್ಕೆ ಹಿಡಿಯೋದೇ ಇಲ್ಲ. ವಿಭೂತಿ ನುಣ್ಣಗಿರತ್ತೆ, ಕಡು ಬಣ್ಣದ ಇಳಕಲ್ ಸೀರೆ ಮೇಲೆ ಎಷ್ಟು ಸ್ಪಷ್ಟ ಕಾಣ್ತು ಅಂದ್ರೆ ಕಣ್ಣಿಗೆ ಹಬ್ಬ. ಕೈ ಆಡಿಸ್ತಾ ಆಡಿಸ್ತಾ ಅರ್ಧ ಗಂಟೇಲಿ ಉದುರಿ ಹೋಗತ್ತೆ, ಹಾಗಾಗಿ ಎರಡು ಸಾಲು ಎಳೀರಿ, ಹೊಲೀರಿ, ಮತ್ತೆ ಎರಡು ಸಾಲು.

ಮುಂದೆ ಪದರಗಳನ್ನ ಹಿಡಿದಿಡೋದು. ಇಲ್ಲಿ ನಾನು ಅಂದ್ಕೊಂಡಿದ್ದು ಪೂರ್ತಿ ತಲೆಕೆಳಗಾಯ್ತು. ಮನೇಲಿದ್ದ ಸೇಫ್ಟಿ ಪಿನ್ನೇ ಗೆಲ್ಲತ್ತೆ ಅಂತಿದ್ದೆ, ಬಲಗಡೆ ಪೂರ್ತಿ ಚುಚ್ಚಿದೆ, ಅಷ್ಟರಲ್ಲಿ ಮಗಳಿಗೆ ಜ್ವರ ಬಂದು ಕೆಲಸ ಮೂರು ವಾರ ನಿಂತು ಹೋಯ್ತು, ಜುಲೈ ಮಳೆ ಬೇರೆ, ಬಿಚ್ಚಿ ನೋಡಿದ್ರೆ ಹನ್ನೊಂದು ಕಡೆ ತುಕ್ಕಿನ ಕಲೆ. ನಿಂಬೆ ರಸ ಉಪ್ಪು ಹಚ್ಚಿ ಬಿಸಿಲಿಗಿಟ್ಟು ಎಂಟು ಹೋಯ್ತು, ಮೂರು ಇವತ್ತಿಗೂ ಇದೆ, ನೋಡಿದಾಗೆಲ್ಲ ಸಂಕಟ ಆಗತ್ತೆ ಯಾಕಂದ್ರೆ ಅದು ನಮ್ಮಮ್ಮನ ಸೀರೆ ತುಂಡು. ಅಂಗಡಿಯ ಸ್ಟೀಲ್ ಪಿನ್ನಲ್ಲಿ ತುಕ್ಕು ಬರ್ಲಿಲ್ಲ, ಆದ್ರೆ ಇಳಕಲ್ ಸೆರಗು ರೇಷ್ಮೆ ಅಲ್ವಾ, ಅಲ್ಲಿ ತೂತು ಹಾಗೇ ಉಳೀತು. ಹಾಗಾದ್ರೆ ಏನು ಮಾಡೋದು ಅಂದ್ರೆ ಅತ್ತೆ ದಾರಿ: ನೆಲದ ಮೇಲೆ ಬಟ್ಟೆ ಎಳೆದು ಹಾಸಿ, ನಾಲ್ಕು ಮೂಲೆಗೂ ನಡುವಿಗೂ ಭಾರ ಇಡೋದು, ನಾವು ಇಟ್ಟಿದ್ದು ಕುಟ್ಟಾಣಿ, ಒಳಕಲ್ಲಿನ ಗುಂಡು, ಅಕ್ಕಿ ತುಂಬಿದ ಸ್ಟೀಲ್ ಡಬ್ಬಿ, ಆಮೇಲೆ ಗೇಣುದ್ದಕ್ಕೊಂದು ಹಾಗೆ ಉದ್ದುದ್ದ ಕಚ್ಚಾ ಹೊಲಿಗೆ. ಎರಡು ಗಂಟೆ ಹೆಚ್ಚು ಹಿಡೀತು, ಸೊಂಟ ನೋವು ಬಂತು, ಆದ್ರೆ ಒಂದೇ ಒಂದು ಸುಕ್ಕಿಲ್ಲ, ತೂತಿಲ್ಲ, ಕಲೆ ಇಲ್ಲ.

ಅಂಚಿಗೆ ಪಟ್ಟಿ ಹಾಕುವಾಗ ಮಾತ್ರ ಕ್ಲಿಪ್ ಬೇಕೇ ಬೇಕು. ಬಟ್ಟೆ ಒಣಹಾಕೋ ಕ್ಲಿಪ್ಪು ದಪ್ಪ, ಕೆಲಸ ಮಾಡುವಾಗ ಅಡ್ಡ ಬರತ್ತೆ. ಮಗಳ ತಲೆಗೆ ಹಾಕೋ ಟಿಕ್‌ಟ್ಯಾಕ್ ಕ್ಲಿಪ್ಪು, ಅದೇ ಟಕ್ ಅಂತ ಮಡಚೋದು, ಅದು ಅಂಗಡಿಯ ಪ್ಲಾಸ್ಟಿಕ್ ಕ್ಲಿಪ್ಪಿಗಿಂತ ಚೆನ್ನಾಗಿದೆ, ಚಪ್ಪಟೆ ಕೂರತ್ತೆ, ದಾರ ಸಿಕ್ಕಾಕೊಳ್ಳಲ್ಲ. ಪೇಂಟ್ ಎದ್ದಿರೋದು ಬೇಡ, ಮತ್ತೆ ತುಕ್ಕಿನ ಕಥೆ.

ಅಂದ್ಹಾಗೆ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಂಗಸರು, ಅದೇ ಆಫ್ರಿಕಾ ಮೂಲದ ಸಮುದಾಯದವರು, ಹೊಲಿಯೋ ಕೌದಿ ನೋಡಿದೀರಾ? ಅವರು ಅಂಚಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ, ತುಂಡು ಇಟ್ಟ ಹಾಗೆ ಹೊಲಿಗೆ, ಮೂಲೆಗಳಿಗೆ ಮಡಚಿದ ಸಣ್ಣ ಹೂವು ಕೂರಿಸ್ತಾರೆ. ಇದಾದ್ಮೇಲೆ ಹೊಲಿದ ಇನ್ನೊಂದು ಕೌದಿಗೆ ಆ ಕ್ರಮ ಹಿಡಿದೆ, ಪಿನ್ನೂ ಬೇಕಾಗ್ಲಿಲ್ಲ ಅಷ್ಟೊಂದು ಗೆರೆನೂ ಬೇಕಾಗ್ಲಿಲ್ಲ, ಕಣ್ಣಳತೆಯೇ ಸಾಕಾಯ್ತು. ಹೀಗೆ ಸಾಮಾನೇ ಬೇಡದ ದಾರಿಯೊಂದಿದೆ ಅನ್ನೋದು ನನಗೆ ದೊಡ್ಡ ವಿಷಯ.

ಗಂಜಿ ಬಗ್ಗೆ ಎರಡು ಮಾತಿಲ್ಲ. ಹಳೇ ಸೀರೆ ಮೆತ್ತಗಾಗಿ ಜಾರತ್ತೆ, ಚೌಕ ಕತ್ತರಿಸಿದ್ರೆ ಚೌಕ ಆಗಲ್ಲ. ಅಂಗಡಿ ಸ್ಪ್ರೇ ಹೊಡೆದ್ರೆ ಮೇಲ್ಮೈ ಮಾತ್ರ ಗಟ್ಟಿ, ಅನ್ನದ ಗಂಜಿ ತಿಳಿಯಲ್ಲಿ ಅದ್ದಿ ಒಣಗಿಸಿದ್ರೆ ಬಟ್ಟೆ ಕಾಗದದ ಹಾಗೆ ನಿಲ್ಲತ್ತೆ. ತುಂಡುಗಳನ್ನ ತಿಂಗಳುಗಟ್ಟಲೆ ಹಾಗೇ ಇಟ್ರೆ ಹುಳ ಬರತ್ತೆ, ಹದಿನೈದು ದಿನದಲ್ಲಿ ಹೊಲಿಯೋದಿದ್ರೆ ಮಾತ್ರ ಹಾಕಿ.

ದಾರಕ್ಕೆ ಬಂದ್ರೆ ಮನೆ ಸಾಮಾನು ಸೋತಿದ್ದು ಇಲ್ಲೇ. ಅಕ್ಕಿ ಚೀಲದ ಬಾಯಿ ಹೊಲಿದಿರ್ತಾರಲ್ಲ, ಸರಿಯಾದ ತುದಿ ಎಳೆದ್ರೆ ಸರಸರ ಬಿಚ್ಕೊಳೋ ದಾರ, ಅದನ್ನ ನಾನು ವರ್ಷದಿಂದ ಉಂಡೆ ಸುತ್ತಿ ಇಟ್ಟಿದ್ದೆ. ಬಲಗಡೆ ಮೂರು ಸಾಲು ಅದರಲ್ಲೇ ಹೊಲಿದೆ. ದಾರ ಉಕ್ಕಿನ ಹಾಗೆ ಗಟ್ಟಿ, ಅದೇ ತಪ್ಪಾಗಿದ್ದು, ನಾಲ್ಕನೇ ಒಗೆತಕ್ಕೆ ದಾರ ಹಾಗೇ ಇದೆ, ಬಟ್ಟೆ ಹೊಲಿಗೆ ಜಾಗದಲ್ಲಿ ಸೀಳಿದೆ. ಪಾಲಿಯೆಸ್ಟರ್ ದಾರ ಹಳೇ ಹತ್ತೀನ ಗರಗಸದ ಹಾಗೆ ಕೊಯ್ಯತ್ತೆ. ಅಂಗಡಿಯ ದಪ್ಪ ಹತ್ತಿ ದಾರಾನೇ ತಗೊಳ್ಳಿ, ಬಟ್ಟೆಗಿಂತ ದಾರ ಬಲಶಾಲಿ ಆಗ್ಬಾರ್ದು. ಚೀಲದ ದಾರ ಟೊಮೆಟೊ ಗಿಡ ಕಟ್ಟೋಕೆ ಬಳಸ್ತಿದೀನಿ. ದಾರ ಸಿಕ್ಕಾಗದೇ ಇರೋಕೆ ಜೇನುಮೇಣದ ಡಬ್ಬಿಗೂ ಕರೆಂಟ್ ಹೋದಾಗ ಹಚ್ಚೋ ಮೇಣದಬತ್ತಿಗೂ ನನಗೆ ವ್ಯತ್ಯಾಸ ಗೊತ್ತಾಗ್ಲಿಲ್ಲ, ಬಿಳಿ ಬತ್ತೀನೇ ತಗೋಬೇಕು ಅಷ್ಟೇ.

ಸೂಜಿ ಎಳೆಯೋಕೆ ಹಳೇ ಸೈಕಲ್ ಟ್ಯೂಬಿನ ಎರಡಿಂಚು ತುಂಡು, ಇದಕ್ಕೆ ನೂರಕ್ಕೆ ನೂರು. ಆರೇಳು ಪದರ ಸೇರಿದ ಕಡೆ ಸೂಜಿ ಜಾರದೇ ಬರತ್ತೆ. ಆದ್ರೆ ಸೂಜೀನ ಹಿಂದಿಂದ ತಳ್ಳೋಕೆ ಉಕ್ಕಿನ ಬೆರಳು ಟೋಪಿನೇ ಬೇಕು, ಬೆರಳಿಗೆ ಔಷಧಿ ಅಂಗಡಿ ಟೇಪ್ ಸುತ್ತಿ ನೋಡಿದೆ, ಎರಡನೇ ದಿನಕ್ಕೆ ಸೂಜಿ ಹಿಂಬದಿ ಟೇಪೂ ದಾಟಿ ಬೆರಳಿಗೆ ಇಳೀತು.

ಚೌಕದ ಅಚ್ಚಿಗೆ ರಟ್ಟಿಗಿಂತ ಮಾವನ ಮೊಣಕಾಲಿನ ಹಳೇ ಎಕ್ಸ್‌ರೇ ಫಿಲ್ಮ್ ಎಷ್ಟೋ ವಾಸಿ. ರಟ್ಟಿನ ಮೂಲೆ ಮೂವತ್ತು ಸಲ ಗೆರೆ ಎಳೆದ್ರೆ ದುಂಡಗಾಗತ್ತೆ, ಫಿಲ್ಮ್ ಸವೆಯಲ್ಲ, ಬೆಳಕಿಗೆ ಹಿಡಿದ್ರೆ ಅಡಿಯ ಹೂವು ಎಲ್ಲಿ ಬರತ್ತೆ ಅಂತಲೂ ಅಂದಾಜಾಗತ್ತೆ. ಇಸ್ತ್ರಿ ಪೆಟ್ಟಿಗೆಯಿಂದ ದೂರ ಇಡಿ, ಸುರುಳಿ ಸುತ್ಕೊಳತ್ತೆ.

ಒಳಗಡೆ ತುಂಬೋಕೆ ಪಾಲಿಯೆಸ್ಟರ್ ಹಾಳೆ ಎಡಕ್ಕೆ, ಎರಡು ಪದರ ಹಳೇ ಹತ್ತಿ ಸೀರೆ ಬಲಕ್ಕೆ. ಹಾಳೆ ಹಗುರ, ಬೇಗ ಒಣಗತ್ತೆ, ಅದು ನಿಜ. ಆದ್ರೆ ಅದಕ್ಕೆ ಕೌದಿಯ ತೂಕ ಇಲ್ಲ, ಮೈಮೇಲೆ ಹೊದ್ದ ಭಾವನೆ ಬರಲ್ಲ, ಮೂರನೇ ಒಗೆತಕ್ಕೆ ಒಂದು ಕಡೆ ಗಂಟೂ ಕಟ್ತು. ಸೀರೆ ತುಂಬೋದಿದ್ರೆ ಹೊಲಿಯೋಕೆ ಮುಂಚೆ ಎಲ್ಲಾ ಬಟ್ಟೇನೂ ಒಗೆದು ಕುಗ್ಗಿಸಿ, ಕೆಂಪು ಸೆರಗನ್ನ ಒದ್ದೆ ಬಿಳಿ ಬಟ್ಟೇಲಿ ಉಜ್ಜಿ ಬಣ್ಣ ಬಿಡತ್ತಾ ನೋಡಿ.

ಕತ್ತರಿ ಮಾತ್ರ ದುಡ್ಡು ಕೊಟ್ಟು ಒಳ್ಳೇದೇ ತಗೊಳ್ಳಿ. ಅಡುಗೆಮನೆ ಕತ್ತರಿ ಬಟ್ಟೇನ ಅಗಿಯತ್ತೆ, ಪೇಪರ್ ಕಟ್ಟರ್ ಎಳ್ಕೊಂಡು ಹೋಗತ್ತೆ, ಎರಡರಲ್ಲೂ ನಾನು ತುಂಡು ಹಾಳು ಮಾಡಿ ಆಗಿದೆ. ಈಗ ನನ್ನ ಬಟ್ಟೆ ಕತ್ತರಿ ಹಿಡಿಗೆ ಕೆಂಪು ದಾರ ಕಟ್ಟಿದೀನಿ, ಇದರಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸ್ಬಾರ್ದು ಅಂತ ಮನೇಲಿ ಎಲ್ಲರಿಗೂ ಗೊತ್ತಾಗ್ಲಿ ಅಂತ.