ತೋಟದ ಲೆಕ್ಕದ ಹಳೇ ಮೆಷಿನ್ ಹೊಸ ಲ್ಯಾಪ್‌ಟಾಪ್‌ಗೆ: ವರ್ಚುವಲ್‌ಬಾಕ್ಸ್ ನಂಬಬಹುದಾ?

ನಂಬಬಹುದು. ಒಂದು ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮೆಷಿನ್) ಓಡಿಸುವ ಸಾಫ್ಟ್‌ವೇರ್ ಇದು, ದುಡ್ಡೂ ಬೇಡ. ಆದರೆ ಮೆನುವಿನಲ್ಲಿ ಮೊದಲು ಕಣ್ಣಿಗೆ ಬೀಳುವ 'ಎಕ್ಸ್‌ಪೋರ್ಟ್' ದಾರಿಯನ್ನೇ ಎಲ್ಲರೂ ಹಿಡಿಯಬೇಡಿ. ಸ್ನ್ಯಾಪ್‌ಶಾಟ್ (ಮೆಷಿನ್ ಆ ಕ್ಷಣ ಹೇಗಿತ್ತೋ ಹಾಗೇ ಉಳಿಸಿಟ್ಟ ಗುರುತು) ಇಟ್ಟುಕೊಂಡಿರುವವರಂತೂ ಹಿಡಿಯಲೇಬೇಡಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಗೋಣಿಕೊಪ್ಪದ ಹತ್ತಿರ ನಮ್ಮ ಸೋದರಮಾವನ ಕಾಫಿ ತೋಟ ಇದೆ. ಚೆಕ್‌ರೋಲ್ (ಆಳುಗಳ ಹಾಜರಿ), ಬಟವಾಡೆ, ಯಾವ ಕಡೆಯಿಂದ ಎಷ್ಟು ಮೂಟೆ ರೋಬಸ್ಟಾ ಬಂತು, ಮೆಣಸು ಎಷ್ಟು ತೂಗಿತು, ಎಲ್ಲಾ ಒಂದು ಹಳೇ ಸಾಫ್ಟ್‌ವೇರ್‌ನಲ್ಲಿದೆ. ಅದು ವಿಂಡೋಸ್ 7ರಲ್ಲಿ ಮಾತ್ರ ಸರಿಯಾಗಿ ಓಡುತ್ತದೆ, ಬರೆದುಕೊಟ್ಟವರು ಆ ಕೆಲಸವನ್ನೇ ಬಿಟ್ಟಿದ್ದಾರೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನಿಂದ ಅಪ್‌ಡೇಟ್ ಬರುವುದು 2020ರ ಜನವರಿಯಲ್ಲೇ ನಿಂತಿತು. ಹಾಗಾಗಿ ಅದನ್ನು ಇಂಟರ್ನೆಟ್ ಕೊಡದೆ ವರ್ಚುವಲ್‌ಬಾಕ್ಸ್ ಒಳಗೆ ಕೂರಿಸಿದ್ದೇವೆ. ಈಗ ಡೆಸ್ಕ್‌ಟಾಪ್‌ಗೆ ವಯಸ್ಸಾಯಿತು, ಹೊಸ ಲ್ಯಾಪ್‌ಟಾಪ್ ಬಂತು. ಮಾವ ಹೇಳಿದ್ದು ಇಷ್ಟೇ: "ಹಳೇ ಲೆಕ್ಕ ಒಂದು ಸಾಲೂ ಹೋಗ್ಬಾರ್ದು ನೋಡು."

ವರ್ಚುವಲ್ ಮೆಷಿನ್ನಿನ ದೊಡ್ಡ ಉಪಕಾರ ಇದೇ ಅಲ್ವಾ. ಸಾಫ್ಟ್‌ವೇರ್ ಮತ್ತೆ ಇನ್‌ಸ್ಟಾಲ್ ಮಾಡಬೇಕಿಲ್ಲ, ಕಳೆದುಹೋದ ಸೀಡಿ ಹುಡುಕಬೇಕಿಲ್ಲ. ನರ್ಸರಿ ಗಿಡವನ್ನು ಬುಡದ ಮಣ್ಣಿನ ಸಮೇತ ಎತ್ತಿ ನೆಟ್ಟ ಹಾಗೆ, ವಿಂಡೋಸ್ ಸಮೇತ ಎಲ್ಲವೂ ಹೊಸ ಜಾಗಕ್ಕೆ ಹೋಗುತ್ತದೆ.

ಮೊದಲನೇ ದಾರಿ ಎಕ್ಸ್‌ಪೋರ್ಟ್ ಅಪ್ಲಯನ್ಸ್. ಇಡೀ ಮೆಷಿನ್ ಓವಿಎ ಅನ್ನುವ ಒಂದೇ ಫೈಲ್ ಆಗುತ್ತದೆ, ಇನ್ನೊಂದು ಕಡೆ ಇಂಪೋರ್ಟ್ ಕೊಟ್ಟರೆ ಮುಗಿಯಿತು. ಡಿಸ್ಕ್ ಒತ್ತಿ ಚಿಕ್ಕದಾಗುವುದರಿಂದ ಜಾಗವೂ ಉಳಿಯುತ್ತದೆ. ಸ್ನ್ಯಾಪ್‌ಶಾಟ್ ಇಲ್ಲದ ಸಾದಾ ಮೆಷಿನ್‌ಗೆ ಇದಕ್ಕಿಂತ ಸುಲಭ ಇಲ್ಲ. ಒಂದೇ ಗಮನ: ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ, ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ.

ಆದರೆ ಮಾವ ಪ್ರತಿ ವರ್ಷ ಮಾರ್ಚ್ ಮುಗಿದು ಲೆಕ್ಕ ಕಟ್ಟಿದ ಮೇಲೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಡುತ್ತಾರೆ. ಆ ವರ್ಷ ಹೇಗಿತ್ತೋ ಹಾಗೇ ತೆರೆದು ನೋಡಬಹುದು. ಓವಿಎ ಒಳಗೆ ಈ ಸ್ನ್ಯಾಪ್‌ಶಾಟ್‌ಗಳು ಬರುವುದೇ ಇಲ್ಲ. ಆ ಫೈಲ್ ಮಾದರಿಯಲ್ಲೇ ಸ್ನ್ಯಾಪ್‌ಶಾಟ್‌ಗೆ ಜಾಗ ಇಲ್ಲ, ಮೆಷಿನ್ ಈಗ ಹೇಗಿದೆಯೋ ಅಷ್ಟು ಮಾತ್ರ ಹೋಗುತ್ತದೆ. ಮ್ಯಾನುಯಲ್‌ನಲ್ಲಿ ಇದನ್ನು ಬರೆದಿದ್ದಾರೆ, ನಿಜ. ಆದರೆ ಮೆನು ನೋಡಿಕೊಂಡು ಕೆಲಸ ಮಾಡುವವರಿಗೆ ಇದು ಗೊತ್ತಾಗುವುದು ಕಷ್ಟ, ಗೊತ್ತಾಗುವಷ್ಟರಲ್ಲಿ ಹಳೇ ಕಂಪ್ಯೂಟರ್ ಫಾರ್ಮ್ಯಾಟ್ ಆಗಿರುತ್ತದೆ.

ಇನ್ನೂ ಅಪಾಯದ ಕೆಲಸ ಒಂದಿದೆ. ಸುಮ್ನೆ ಮೆಷಿನ್ನಿನ ಡಿಸ್ಕ್ ಇರುವ ದೊಡ್ಡ ವಿಡಿಐ ಫೈಲ್ ಒಂದನ್ನೇ ಕಾಪಿ ಮಾಡಿಕೊಂಡು ಹೋಗುವುದು. ಮೊದಲ ಸ್ನ್ಯಾಪ್‌ಶಾಟ್ ತೆಗೆದ ಕ್ಷಣವೇ ಆ ವಿಡಿಐಗೆ ಬರೆಯುವುದು ನಿಂತುಹೋಗುತ್ತದೆ. ಆಮೇಲಿನ ಪ್ರತಿ ಬದಲಾವಣೆ 'ಸ್ನ್ಯಾಪ್‌ಶಾಟ್ಸ್' ಫೋಲ್ಡರ್‌ನಲ್ಲಿರುವ ಬೇರೆ ಫೈಲ್‌ಗಳಿಗೆ ಹೋಗುತ್ತದೆ, ಒಂದರ ಮೇಲೆ ಒಂದು ಆತುಕೊಂಡಿರುತ್ತದೆ. ಅಂದರೆ ವಿಡಿಐ ಒಂದನ್ನೇ ಒಯ್ದವರಿಗೆ ಸಿಗುವುದು ಮೊದಲ ಸ್ನ್ಯಾಪ್‌ಶಾಟ್ ದಿನದ ಲೆಕ್ಕ. ಮೆಷಿನ್ ಚೆನ್ನಾಗಿಯೇ ತೆರೆದುಕೊಳ್ಳುತ್ತದೆ, ಅದೇ ಮೋಸ.

ಹಾಗಾಗಿ ನನ್ನ ಆಯ್ಕೆ ಇಡೀ ಫೋಲ್ಡರ್ ಒಯ್ಯುವುದು. ಒಳಗಿನ ವಿಂಡೋಸನ್ನು ಪೂರ್ತಿ ಶಟ್‌ಡೌನ್ ಮಾಡಿ. 'ಸೇವ್ ಸ್ಟೇಟ್' (ಓಡುತ್ತಿರುವುದನ್ನು ಇದ್ದ ಹಾಗೇ ನಿಲ್ಲಿಸಿಡುವುದು) ಬೇಡ, ಹೊಸ ಕಂಪ್ಯೂಟರ್‌ನ ಪ್ರೊಸೆಸರ್ ಬೇರೆ ಇದ್ದರೆ ಅದು ತೆರೆಯದೇ ಹೋಗಬಹುದು. ಆಮೇಲೆ ಮೆಷಿನ್ ಹೆಸರಿನ ಫೋಲ್ಡರನ್ನು ಹಾಗೇ ಕಾಪಿ ಮಾಡಿ, ಹೊಸದರಲ್ಲಿ ವರ್ಚುವಲ್‌ಬಾಕ್ಸ್ ಹಾಕಿ, 'ಆಡ್' ಒತ್ತಿ ಆ ಫೋಲ್ಡರ್‌ನ ವಿಬಾಕ್ಸ್ ಫೈಲ್ ತೋರಿಸಿ. ಹೊಸ ಕಡೆಯ ವರ್ಷನ್ ಹಳೆಯದಕ್ಕಿಂತ ಕೆಳಗಿನದು ಆಗಿರಬಾರದು. ಡಿಸ್ಕ್ ಫೈಲ್ ಬೇರೆ ಡ್ರೈವ್‌ನಲ್ಲಿ ಇಟ್ಟಿದ್ದರೆ ಅದು ತಾನಾಗಿ ಬರುವುದಿಲ್ಲ, ಮೊದಲೇ ನೋಡಿಕೊಳ್ಳಿ.

ಕಾಪಿ ಮಾಡುವುದಕ್ಕೆ ನಮ್ಮ ಕಡೆ ಕ್ಲೌಡ್ ಮರೆತುಬಿಡಿ. 10 ಎಂಬಿಪಿಎಸ್ ಅಪ್‌ಲೋಡ್ ಒಂದೇ ಸಮ ಸಿಕ್ಕಿದರೂ 40 ಜಿಬಿಗೆ ಸುಮಾರು 9 ಗಂಟೆ ಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಟವರ್ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಾ? ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ಒಳ್ಳೆಯದು, ಎರಡೂ ಪಕ್ಕದಲ್ಲಿದ್ದರೆ ಲ್ಯಾನ್ ಕೇಬಲ್ ಸಾಕು. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲದಿದ್ದರೆ ಜೋರು ಮಳೆಯ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ಕಾಪಿ ಆದ ಮೇಲೆ ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಕಮಾಂಡ್‌ನಿಂದ ಎರಡೂ ಕಡೆಯ ಫೈಲ್‌ಗಳಿಗೆ ಎಸ್‌ಎಚ್‌ಎ256 (ಫೈಲಿನ ಬೆರಳಚ್ಚಿನಂಥ ಗುರುತು) ತೆಗೆದು ಹೋಲಿಸಿ. ಎರಡೂ ಒಂದೇ ಇದ್ದರೆ ಮಾತ್ರ ಮುಂದೆ ಹೋಗಿ.

ಹೊಸ ಕಡೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಸಣ್ಣಪುಟ್ಟ ತಕರಾರು ಬರುತ್ತದೆ. ನೆಟ್‌ವರ್ಕ್ 'ಬ್ರಿಡ್ಜ್ಡ್' (ಕಂಪ್ಯೂಟರ್‌ನ ನೆಟ್‌ವರ್ಕ್ ಕಾರ್ಡನ್ನೇ ನೇರ ಬಳಸುವ ಬಗೆ) ಇದ್ದರೆ ಹಳೇ ಕಂಪ್ಯೂಟರ್‌ನ ಕಾರ್ಡ್ ಹೆಸರು ಹುಡುಕುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಹೊಸದನ್ನು ಆರಿಸಿ. ಶೇರ್ಡ್ ಫೋಲ್ಡರ್ ದಾರಿಯೂ ಬದಲಾಗಬೇಕು. ವಿಟಿ-ಎಕ್ಸ್ (ವರ್ಚುವಲ್ ಮೆಷಿನ್ ಓಡಿಸಲು ಪ್ರೊಸೆಸರ್ ಕೊಡುವ ಸೌಲಭ್ಯ) ಇಲ್ಲ ಅಂತ ಬಂದರೆ ಬಯೋಸ್‌ಗೆ ಹೋಗಿ ವರ್ಚುವಲೈಸೇಶನ್ ಆನ್ ಮಾಡಿ. ವಿಂಡೋಸ್ 11ರಲ್ಲಿ ಮೆಷಿನ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಕಂಡರೆ ವಿಂಡೋಸ್‌ನದೇ ವರ್ಚುವಲ್ ಮೆಷಿನ್ ವ್ಯವಸ್ಥೆಯಾದ ಹೈಪರ್-ವಿ ನಡುವೆ ಬಂದಿದೆ ಅಂತ ಅರ್ಥ, ಮೆಷಿನ್ ನಿಧಾನ ಆಗುತ್ತದೆ. ಲೆಕ್ಕದ ಸಾಫ್ಟ್‌ವೇರ್‌ಗೆ ಅದರಿಂದ ದೊಡ್ಡ ತೊಂದರೆ ಇಲ್ಲ. ಎಂ1, ಎಂ2 ಥರದ ಹೊಸ ಮ್ಯಾಕ್ ತೆಗೆದುಕೊಳ್ಳುವ ಯೋಚನೆ ಇದ್ದರೆ ಬೇಡ, ಅದರ ಪ್ರೊಸೆಸರ್ ಜಾತಿಯೇ ಬೇರೆ, ವಿಂಡೋಸ್ 7 ಮೆಷಿನ್ ಅದರ ವರ್ಚುವಲ್‌ಬಾಕ್ಸ್‌ನಲ್ಲಿ ಓಡುವುದಿಲ್ಲ.

ಲೈಸೆನ್ಸ್ ಬಗ್ಗೆಯೂ ಹೇಳಲೇಬೇಕು. 2007ರಲ್ಲಿ ಜರ್ಮನಿಯ ಇನ್ನೋಟೆಕ್ ಕಂಪನಿ ಹೊರತಂದ ಸಾಫ್ಟ್‌ವೇರ್ ಇದು, 2008ರಲ್ಲಿ ಸನ್ ಕಂಪನಿಯ ಕೈಗೆ, 2010ರಲ್ಲಿ ಒರಾಕಲ್ ಕೈಗೆ ಬಂತು. ಮೂಲ ಪ್ಯಾಕೇಜ್ ಇವತ್ತಿಗೂ ಓಪನ್ ಸೋರ್ಸ್, ತೋಟದ ಆಫೀಸಿನಲ್ಲೂ ಧೈರ್ಯವಾಗಿ ಬಳಸಬಹುದು. ಹೆಚ್ಚುವರಿ ಸೌಲಭ್ಯಗಳ 'ಎಕ್ಸ್‌ಟೆನ್ಶನ್ ಪ್ಯಾಕ್' ಮಾತ್ರ ಸ್ವಂತ ಬಳಕೆಗೆ ಫ್ರೀ, ವ್ಯಾಪಾರಕ್ಕೆ ಲೈಸೆನ್ಸ್ ಕೊಳ್ಳಬೇಕು. ನಮಗೆ ಅದು ಬೇಕಾಗಲೇ ಇಲ್ಲ. ಇದೇ ಥರದ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೋ ಕೂಡ 2024ರ ನವೆಂಬರ್‌ನಿಂದ ಎಲ್ಲರಿಗೂ ಫ್ರೀ, ಹೊಸದಾಗಿ ಶುರು ಮಾಡುವವರು ನೋಡಬಹುದು. ಆದರೆ ಇಲ್ಲಿಂದ ಅಲ್ಲಿಗೆ ಹೋಗಲು ಮತ್ತೆ ಓವಿಎ ದಾರಿಯೇ, ಅಂದರೆ ಸ್ನ್ಯಾಪ್‌ಶಾಟ್ ಬಿಟ್ಟು ಹೋಗಬೇಕು.

ಮಾವನ ಲೆಕ್ಕ ಪೂರ್ತಿ ಬಂತು, ಹಳೇ ಮಾರ್ಚ್‌ಗಳೂ ತೆರೆಯುತ್ತಿವೆ. ಹಳೇ ಫೋಲ್ಡರ್‌ನ ಇನ್ನೊಂದು ಕಾಪಿ ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಜಾರಿದ್ದನ್ನು ನೋಡಿದ ಮೇಲೆ ಎಲ್ಲವನ್ನೂ ಒಂದೇ ಮನೆಯಲ್ಲಿ ಇಡಲು ಮಾವನಿಗೆ ಮನಸ್ಸಿಲ್ಲ. ವರ್ಚುವಲ್‌ಬಾಕ್ಸ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಎಕ್ಸ್‌ಪೋರ್ಟ್ ಕಿಟಕಿಯಲ್ಲೇ ಸ್ನ್ಯಾಪ್‌ಶಾಟ್ ಬರುವುದಿಲ್ಲ ಅಂತ ದಪ್ಪ ಅಕ್ಷರದಲ್ಲಿ ಹಾಕಿದರೆ ಐದೂ ಕೊಡುತ್ತೇನೆ.