ಫ್ರಿಜ್‌ನಲ್ಲಿರುವ ಫ್ಯಾಕ್ಟರ್ 8: ನಾಲ್ಕು ವರ್ಷ ಬಳಸಿದ ಅಪ್ಪನ ಅನುಭವ

ನಮ್ಮ ಫ್ರಿಜ್‌ನಲ್ಲಿ ಮೊಸರಿನ ಪಾತ್ರೆ ಪಕ್ಕ ಒಂದು ಟಿಫಿನ್ ಡಬ್ಬಿ ಇದೆ. ನಾನು, ನನ್ನ ಹೆಂಡತಿ ಬಿಟ್ಟರೆ ಬೇರೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಒಳಗಿರುವುದು ಮಗನ ಫ್ಯಾಕ್ಟರ್ 8, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನ್. ಎರಡು ಪೆಟ್ಟಿಗೆ, ಒಂದೊಂದರಲ್ಲಿ 500 ಯೂನಿಟ್. ಅವನಿಗೆ ಹನ್ನೊಂದು ವರ್ಷ, ತೂಕ 28 ಕೆಜಿ, ತೀವ್ರ ಹಿಮೋಫಿಲಿಯಾ ಎ, ಅಂದರೆ ಮೈಯಲ್ಲಿ ಆ ಪ್ರೋಟೀನ್ ತೀರಾ ಕಡಿಮೆ, ರಕ್ತ ಸೋರಿದರೆ ಸುಲಭಕ್ಕೆ ನಿಲ್ಲುವುದಿಲ್ಲ. ಕುಸುಮ ರೋಗ ಅಂತಲೂ ಹೇಳುತ್ತಾರೆ, ಹೆಸರು ಮಾತ್ರ ಚೆಂದ. ಡಾಕ್ಟರ್ ಒಪ್ಪಿಗೆ ಮೇಲೆ ನಾಲ್ಕು ವರ್ಷದಿಂದ ಮನೆಯಲ್ಲೇ ಕೊಡುತ್ತಿದ್ದೇವೆ. ಹೊಸದಾಗಿ ಶುರು ಮಾಡುವ ಅಪ್ಪ ಅಮ್ಮಂದಿರು ಫೋನ್ ಮಾಡಿ ಕೇಳುತ್ತಾರೆ, ಹೇಗಿದೆ, ಕಷ್ಟನಾ, ಭಯ ಆಗಲ್ವಾ ಅಂತ. ಎಲ್ಲರಿಗೂ ಸೇರಿಸಿ ಇಲ್ಲೇ ಬರೆದುಬಿಡುತ್ತೇನೆ. ಕಂಪನಿ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಆಸ್ಪತ್ರೆಗೆ ಆ ಸಲ ಯಾವ ಟೆಂಡರ್ ಬಂತೋ ಅದೇ ನಮ್ಮ ಬ್ರ್ಯಾಂಡ್. ಇದುವರೆಗೆ ಮೂರು ಕಂಪನಿಯದು ಬಳಸಿದ್ದೇವೆ. ಮೂರೂ ಪ್ಲಾಸ್ಮಾದಿಂದ, ಅಂದರೆ ದಾನಿಗಳ ರಕ್ತದ ದ್ರವ ಭಾಗದಿಂದ ಮಾಡಿದವು.

ಒಂದೊಂದು ಪೆಟ್ಟಿಗೆಯಲ್ಲೂ ಎರಡು ಪುಟ್ಟ ಗಾಜಿನ ಬಾಟಲಿ. ಒಂದರಲ್ಲಿ ನೀರು. ಇನ್ನೊಂದರ ತಳದಲ್ಲಿ ಬಿಳಿ ಪುಡಿ, ಬತ್ತಾಸಿನ ಚೂರು ಅಂಟಿದ ಹಾಗೆ. ಎರಡು ಕಡೆ ಮೊನೆ ಇರುವ ಒಂದು ಸೂಜಿ, ಸೋಸುವ ಇನ್ನೊಂದು ಸೂಜಿ, ರಕ್ತನಾಳಕ್ಕೆ ಹಾಕಲು ರೆಕ್ಕೆ ಇರುವ ಒಂದು ಬಟರ್‌ಫ್ಲೈ ಸೂಜಿ. ಎರಡೂ ಬಾಟಲಿ ಫ್ರಿಜ್‌ನಿಂದ ತೆಗೆದು ತಣ್ಣಗಿರುವುದು ಹೋಗುವವರೆಗೆ ಕಾಯಬೇಕು. ಆಮೇಲೆ ರಬ್ಬರ್ ಮುಚ್ಚಳ ಸ್ಪಿರಿಟ್‌ನಲ್ಲಿ ಒರೆಸಿ, ಎರಡು ಮೊನೆಯ ಸೂಜಿಯನ್ನು ಮೊದಲು ನೀರಿಗೆ ಚುಚ್ಚಿ, ತಲೆಕೆಳಗೆ ಮಾಡಿ ಪುಡಿಯ ಬಾಟಲಿಗೆ ಚುಚ್ಚಿದರೆ, ಒಳಗೆ ಗಾಳಿ ಇಲ್ಲದ್ದರಿಂದ ನೀರು ತಾನಾಗಿಯೇ ಸರ್ರನೆ ಇಳಿಯುತ್ತದೆ. ಮಗನಿಗೆ ಇದೊಂದನ್ನು ನೋಡುವುದು ಈಗಲೂ ಇಷ್ಟ. ನೀರು ಇಳಿದ ಮೇಲೆ ಕುಲುಕಬಾರದು! ಬಾಟಲಿಯನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ತಿರುಗಿಸುತ್ತಾ ಇರಬೇಕು. ಮೊದಲ ತಿಂಗಳು ನಾನು ಕೆಮ್ಮಿನ ಸಿರಪ್ ತರ ಕುಲುಕಿ ಬಾಟಲಿ ತುಂಬ ನೊರೆ ಎಬ್ಬಿಸಿದ್ದೆ. ಆ ನೊರೆ ಇಳಿಯುವವರೆಗೆ ಊದಿದ ಮಂಡಿ ಹಿಡಿದುಕೊಂಡು ಅವನು ಕೂತಿದ್ದ. ನನ್ನ ಹೆಂಡತಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಕೆಲಸ ಮಾಡುತ್ತಾ? ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಮಂಡಿಯೊಳಗೆ ರಕ್ತ ಸೋರಲು ಶುರುವಾದರೆ ಹೊರಗೆ ಊತ ಕಾಣುವ ಮೊದಲೇ "ಅಪ್ಪಾ, ಜುಂ ಅಂತಿದೆ" ಅನ್ನುತ್ತಾನೆ. ಆ ಮಾತು ಬಂದ ಅರ್ಧ ಗಂಟೆಯೊಳಗೆ ಕೊಟ್ಟರೆ ಮರುದಿನ ಸ್ಕೂಲಿಗೆ ಹೋಗುತ್ತಾನೆ. ಬೆಳಿಗ್ಗೆ ನೋಡೋಣ ಅಂತ ಬಿಟ್ಟರೆ ಒಂದು ವಾರ ಮಂಚ. ಮೊದಲು ಜಿಲ್ಲಾಸ್ಪತ್ರೆಗೆ ಬಸ್ಸಿನಲ್ಲಿ ಎರಡು ಗಂಟೆ ಹೋಗುತ್ತಿದ್ದೆವು, ಆ ಎರಡು ಗಂಟೆಯಲ್ಲೇ ಮಂಡಿ ಕುಂಬಳಕಾಯಿ ಆಗಿಬಿಡುತ್ತಿತ್ತು. ಮನೆಯಲ್ಲಿ ಬಾಟಲಿ ಇಟ್ಟುಕೊಳ್ಳುವುದರ ಲಾಭ ಅಷ್ಟೇ, ಆದರೆ ಅದೇ ಎಲ್ಲಕ್ಕಿಂತ ದೊಡ್ಡದು.

ಲೆಕ್ಕ ಎಲ್ಲರೂ ಕಲಿಯಲೇಬೇಕು. ಕೆಜಿಗೆ ಒಂದು ಯೂನಿಟ್ ಕೊಟ್ಟರೆ ರಕ್ತದಲ್ಲಿ ಫ್ಯಾಕ್ಟರ್ 8 ಶೇಕಡ 2ರಷ್ಟು ಏರುತ್ತದೆ. 500 ಯೂನಿಟ್‌ನ್ನು 28ರಿಂದ ಭಾಗಿಸಿದರೆ ಸುಮಾರು 18, ಅಂದರೆ ಶೇಕಡ 36. ತೀವ್ರ ಅಂದರೆ ಇವನಲ್ಲಿ ಇರುವುದೇ ಶೇಕಡ 1ಕ್ಕಿಂತ ಕಡಿಮೆ, ಹಾಗಾಗಿ 36 ಅನ್ನುವುದು ನಮ್ಮ ಪಾಲಿಗೆ ಹಬ್ಬ. ಹಬ್ಬ ಬೇಗ ಮುಗಿಯುತ್ತದೆ ಅನ್ನುವುದೇ ಬೇಜಾರು. ಸುಮಾರು 12 ಗಂಟೆಗೆ ಅರ್ಧ, ಇನ್ನು 12 ಗಂಟೆಗೆ ಅದರಲ್ಲಿ ಅರ್ಧ. ಎಷ್ಟು ಕೊಡಬೇಕು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ಈ ಲೆಕ್ಕ ನಿಮಗೂ ಗೊತ್ತಿದ್ದರೆ, ಅವರು ಹೇಳಿದ್ದು ಯಾಕೆ ಅಂತ ಅರ್ಥ ಆಗುತ್ತದೆ.

ಇನ್ನು ಬಾಟಲಿಯ ಒಳಗಿನ ವಿಷಯ. ಆರೋಗ್ಯವಂತರ 1 ಎಂಎಲ್ ಪ್ಲಾಸ್ಮಾದಲ್ಲಿ ಇರುವಷ್ಟು ಫ್ಯಾಕ್ಟರ್ 8ಕ್ಕೆ ಒಂದು ಯೂನಿಟ್ ಅನ್ನುತ್ತಾರೆ. ಅಂದರೆ ಈ ಚಿಟಿಕೆ ಪುಡಿಯಲ್ಲಿ ಅರ್ಧ ಲೀಟರ್ ಪ್ಲಾಸ್ಮಾದ ಸಾರ ಇದೆ. ಪುಡಿ ಇಲ್ಲದಿದ್ದರೆ ಆ ಅರ್ಧ ಲೀಟರನ್ನೇ 28 ಕೆಜಿಯ ಹುಡುಗನ ಮೈಗೆ ಹನಿಹನಿಯಾಗಿ ಹಾಕಬೇಕಿತ್ತು, ಮೈ ಅಷ್ಟು ನೀರು ತಡೆಯಬೇಕಲ್ವಾ? ಇದಕ್ಕೆ ದಾರಿ ಸಿಕ್ಕಿದ್ದು 1964ರಲ್ಲಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜುಡಿತ್ ಪೂಲ್ ಅನ್ನುವ ವಿಜ್ಞಾನಿ, ಮಂಜುಗಡ್ಡೆ ಮಾಡಿಟ್ಟ ಪ್ಲಾಸ್ಮಾವನ್ನು ತಣ್ಣಗಿಟ್ಟೇ ನಿಧಾನವಾಗಿ ಕರಗಿಸಿದರೆ ತಳದಲ್ಲಿ ಒಂದು ಗಸಿ ಉಳಿಯುತ್ತದೆ, ಫ್ಯಾಕ್ಟರ್ 8 ಹೆಚ್ಚಾಗಿ ಇರುವುದು ಅದರಲ್ಲೇ ಅಂತ ತೋರಿಸಿದರು. ಮೇಲಿನ ತಿಳಿಯನ್ನು ನೋಡಿ ಗಸಿಯನ್ನು ಚೆಲ್ಲುವುದು ನಮ್ಮೆಲ್ಲರ ಅಭ್ಯಾಸ, ಆಕೆ ಗಸಿಯನ್ನು ನೋಡಿದರು. ಅದೇ ಕ್ರಯೋ. ಇವನು ಚಿಕ್ಕವನಿದ್ದಾಗ ಸ್ಟಾಕ್ ಇಲ್ಲದ ಒಂದು ರಾತ್ರಿ ಕ್ರಯೋನೇ ಹಾಕಿಸಿದ್ದೆವು, ಆರು ಚೀಲ, ಒಂದಾದ ಮೇಲೊಂದು ಕರಗಿಸಿ ಕರಗಿಸಿ ಬೆಳಗಾಯಿತು. ಯಾವ ಚೀಲದಲ್ಲಿ ಎಷ್ಟು ಯೂನಿಟ್ ಇದೆ ಅಂತ ಅದರ ಮೇಲೆ ಬರೆದಿರಲೂ ಇಲ್ಲ. ಈಗಿನ ಪುಡಿಯೂ ಶುರುವಾಗುವುದು ಅದೇ ಗಸಿಯಿಂದಲೇ, ಅದನ್ನು ಇನ್ನೂ ಶುದ್ಧ ಮಾಡಿ ಒಣಗಿಸಿರುತ್ತಾರೆ. ಉಳಿದ ತಿಳಿಯೂ ದಂಡ ಆಗುವುದಿಲ್ಲ, ಆಲ್ಬುಮಿನ್, ಇಮ್ಯುನೋಗ್ಲಾಬ್ಯುಲಿನ್ ಬರುವುದು ಅದರಿಂದ. ತಣ್ಣನೆಯ ಆಲ್ಕೋಹಾಲ್ ಹಾಕಿ ಪ್ಲಾಸ್ಮಾ ಪ್ರೋಟೀನುಗಳನ್ನು ಬೇರೆ ಬೇರೆ ಮಾಡುವ ಆ ವಿಧಾನ ಹಾರ್ವರ್ಡ್‌ನ ಎಡ್ವಿನ್ ಕೋನ್ ಅವರದು, ಎರಡನೇ ಮಹಾಯುದ್ಧದ ಕಾಲದ್ದು.

"ಬೇರೆಯವರ ರಕ್ತದ್ದಲ್ವಾ, ಎಚ್‌ಐವಿ ಬಂದರೆ?" ಈ ಪ್ರಶ್ನೆಯನ್ನು ನಮ್ಮತ್ತೆ ಇವತ್ತಿಗೂ ಕೇಳುತ್ತಾರೆ. ಭಯ ಸುಮ್ನೆ ಹುಟ್ಟಿದ್ದಲ್ಲ. ಒಂದು ಬ್ಯಾಚಿಗೆ ಸಾವಿರಾರು ಜನರ ಪ್ಲಾಸ್ಮಾ ಸೇರಿಸುತ್ತಾರೆ, ಒಬ್ಬರಲ್ಲಿ ವೈರಸ್ ಇದ್ದರೆ ಎಲ್ಲ ಬಾಟಲಿಗೂ ಹರಡುತ್ತದೆ. 1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕ, ಯುರೋಪ್‌ನಲ್ಲಿ ಹಾಗೇ ಆಗಿ ಸಾವಿರಾರು ಹಿಮೋಫಿಲಿಯಾ ರೋಗಿಗಳಿಗೆ ಎಚ್‌ಐವಿ ಬಂತು. ಜೀವ ಉಳಿಸುವ ಔಷಧಿಯೇ ಜೀವ ತೆಗೆಯಿತು. ಇದನ್ನು ಮುಚ್ಚಿಟ್ಟು ರಿವ್ಯೂ ಬರೆದರೆ ತಪ್ಪಾಗುತ್ತದೆ. ಆಮೇಲೆ ನ್ಯೂಯಾರ್ಕ್ ಬ್ಲಡ್ ಸೆಂಟರ್‌ನವರು ಸಾಲ್ವೆಂಟ್ ಡಿಟರ್ಜೆಂಟ್ ವಿಧಾನ ತಂದರು, 1985ರಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮೂರಕ್ಕೂ ಹೊರಗೆ ಕೊಬ್ಬಿನ ಹೊದಿಕೆ ಇರುತ್ತದೆ. ಪಾತ್ರೆಯ ಜಿಡ್ಡನ್ನು ಸೋಪು ಎಬ್ಬಿಸಿದ ಹಾಗೆ ಆ ಹೊದಿಕೆ ಒಡೆದುಹೋಗುತ್ತದೆ, ಫ್ಯಾಕ್ಟರ್ 8ಕ್ಕೆ ಅಂಥ ಏಟು ಬೀಳುವುದಿಲ್ಲ. ಅತ್ತೆಗೆ ನಾನು ಹೇಳಿದ್ದೂ ಸೋಪಿನ ಕತೆಯನ್ನೇ. ಕೊಬ್ಬಿನ ಹೊದಿಕೆ ಇಲ್ಲದ ಹೆಪಟೈಟಿಸ್ ಎ, ಪಾರ್ವೊ ತರದ ವೈರಸ್‌ಗೆ ಸೋಪು ನಾಟುವುದಿಲ್ಲ, ಅದಕ್ಕೇ ಕೆಲವು ಕಂಪನಿಗಳು ಪುಡಿಯನ್ನು 80 ಡಿಗ್ರಿಯಲ್ಲಿ 72 ಗಂಟೆ ಕಾಯಿಸುತ್ತವೆ, ಕೆಲವು ತೀರಾ ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಸೋಸುತ್ತವೆ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಇದು ಇರುತ್ತದೆ, ಬ್ರ್ಯಾಂಡ್ ಬದಲಾದಾಗಲೆಲ್ಲ ನಾನು ಮೊದಲು ಓದುವುದು ಆ ಸಾಲನ್ನೇ. ಹೆಪಟೈಟಿಸ್ ಲಸಿಕೆಯನ್ನೂ ಹಾಕಿಸಿದ್ದೇವೆ.

ದೂರುಗಳಿಗೆ ಬರುತ್ತೇನೆ. ಚೀಟಿಯ ಅಕ್ಷರ ಇರುವೆ ಗಾತ್ರ, ಕನ್ನಡ ಇಲ್ಲವೇ ಇಲ್ಲ. 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರ್‌ನಲ್ಲಿ ಇಡಬಾರದು ಅನ್ನುವ ಎರಡು ಸಾಲನ್ನಾದರೂ ಕನ್ನಡದಲ್ಲಿ ಹಾಕಿದರೆ ಇವರ ಗಂಟೇನು ಹೋಗುತ್ತದೆ? ಒಮ್ಮೆ ಸರ್ಕಾರಿ ಸ್ಟಾಕ್ ಮುಗಿದು ಹೊರಗೆ ಒಂದು ಅಂಗಡಿಯಲ್ಲಿ ಸಾವಿರಗಟ್ಟಲೆ ಕೊಟ್ಟು ತಂದಾಗ, ಆ ಹುಡುಗ ಐಸ್ ಇಲ್ಲದೆ ಬರೀ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಕೈಗೆ ಕೊಟ್ಟ, ಏಪ್ರಿಲ್ ಬಿಸಿಲಲ್ಲಿ. ವಾಪಸ್ ಕೊಟ್ಟು ಜಗಳ ಆಡಿ ಐಸ್ ಪ್ಯಾಕ್ ಹಾಕಿಸಿಕೊಂಡು ಬಂದೆ. ನೀವೂ ಥರ್ಮಾಕೋಲ್ ಡಬ್ಬಿ ತೆಗೆದುಕೊಂಡೇ ಹೋಗಿ.

ಔಷಧಿಗಿಂತ ಜಾಸ್ತಿ ಕೈಕೊಟ್ಟಿದ್ದು ಟೆಸ್ಟ್. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ನೀಲಿ ಮುಚ್ಚಳದ ಟ್ಯೂಬ್. ಅದರೊಳಗೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಸಿಟ್ರೇಟ್ ದ್ರವ ಮೊದಲೇ ಇರುತ್ತದೆ, 9 ಪಾಲು ರಕ್ತಕ್ಕೆ 1 ಪಾಲು ಅನ್ನುವ ಲೆಕ್ಕದಲ್ಲಿ, ಆದ್ದರಿಂದ ಗೆರೆಯವರೆಗೆ ರಕ್ತ ತುಂಬಲೇಬೇಕು. ನನ್ನ ತಂಗಿಯ ಮಗನಿಗೆ ಮೂರು ವರ್ಷ ಇದ್ದಾಗ, ಅವನಿಗೂ ಇದೆಯಾ ಅಂತ ನೋಡಲು, ಮನೆಗೆ ಬಂದು ರಕ್ತ ತೆಗೆಯುವ ಒಂದು ಲ್ಯಾಬಿನವರನ್ನು ಕರೆಸಿದ್ದೆವು. ಮಗು ಒದ್ದಾಡಿತು, ಆತ ಅರ್ಧ ಟ್ಯೂಬಿಗೇ ಸಾಕು ಅಂದ. ಎಪಿಟಿಟಿ, ಅಂದರೆ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅನ್ನುವ ಲೆಕ್ಕ, 51 ಸೆಕೆಂಡ್ ಬಂತು. ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ. ಮನೆಯಲ್ಲಿ ಎರಡು ದಿನ ಒಲೆ ಹಚ್ಚಲಿಲ್ಲ ಅನ್ನಿ. ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಗೆರೆಯವರೆಗೆ ತುಂಬಿಸಿ ಮಾಡಿದರೆ 33, ಫ್ಯಾಕ್ಟರ್ 8ನ್ನೂ ಅಳೆದರು, ಎಲ್ಲ ಸರಿಯಿತ್ತು. ರಕ್ತ ಕಡಿಮೆಯಾಗಿ ಸಿಟ್ರೇಟ್ ಹೆಚ್ಚಾದರೆ ಹೆಪ್ಪುಗಟ್ಟಲು ತಡವಾಗುತ್ತದೆ, ಅಷ್ಟೇ ವಿಷಯ. ಟ್ಯೂಬ್‌ನ ಗೆರೆ ನೋಡಲು ಡಿಗ್ರಿ ಬೇಡ. ನೀವೇ ಬಗ್ಗಿ ನೋಡಿ, ಕಡಿಮೆ ಇದ್ದರೆ ಅಲ್ಲೇ ಹೇಳಿ.

ಇನ್ನೊಂದು ಟೆಸ್ಟ್ ಇನ್‌ಹಿಬಿಟರ್‌ದು. ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಶೇಕಡ 30ರಷ್ಟು ಮಂದಿಗೆ ಮೈ ಈ ಫ್ಯಾಕ್ಟರನ್ನೇ ಶತ್ರು ಅಂದುಕೊಂಡು ಅದನ್ನು ಕೆಡಿಸುವ ಪ್ರತಿಕಾಯ ಮಾಡುತ್ತದೆ, ಅದೇ ಇನ್‌ಹಿಬಿಟರ್. ಆಗ ಎಷ್ಟು ಬಾಟಲಿ ಕೊಟ್ಟರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ರೋಗಿಯ ಪ್ಲಾಸ್ಮಾವನ್ನು ಆರೋಗ್ಯವಂತರ ಪ್ಲಾಸ್ಮಾ ಜೊತೆ ಬೆರೆಸಿ 37 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಫ್ಯಾಕ್ಟರ್ 8 ಎಷ್ಟು ಉಳಿಯಿತು ಅಂತ ನೋಡುತ್ತಾರೆ. ಅರ್ಧ ಉಳಿದರೆ ಒಂದು ಬೆಥೆಸ್ಡಾ ಯೂನಿಟ್. ಬೆಥೆಸ್ಡಾ ಅಮೆರಿಕದ ಒಂದು ಊರು. ನಮ್ಮವನಿಗೆ ಇದುವರೆಗೆ ಇಲ್ಲ. ಮೊದಲ ಹತ್ತಾರು ಡೋಸ್‌ಗಳಲ್ಲೇ ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು, ಹಾಗಾಗಿ ಚಿಕ್ಕ ಮಕ್ಕಳಿದ್ದವರು ಈ ಟೆಸ್ಟ್ ಮುಂದೂಡಬೇಡಿ.

ಎಮಿಸಿಜುಮ್ಯಾಬ್ ಬಗ್ಗೆಯೂ ಕೇಳುತ್ತೀರಿ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಔಷಧಿ, ಪ್ಲಾಸ್ಮಾದಿಂದ ಮಾಡಿದ್ದಲ್ಲ, ಚರ್ಮದ ಕೆಳಗೆ ವಾರಕ್ಕೋ, ಹದಿನೈದು ದಿನಕ್ಕೋ, ನಾಲ್ಕು ವಾರಕ್ಕೋ ಒಂದು ಚುಚ್ಚು. ರಕ್ತನಾಳ ಹುಡುಕುವ ಪಾಡು ಇಲ್ಲ. ಸಿಗುವವರು ಖಂಡಿತ ಡಾಕ್ಟರ್ ಹತ್ತಿರ ಮಾತಾಡಿ, ಅಸೂಯೆ ಇಟ್ಟುಕೊಂಡೇ ಹೇಳುತ್ತಿದ್ದೇನೆ. ಆದರೆ ಎರಡು ವಿಷಯ. ಅದು ರಕ್ತ ಸೋರದ ಹಾಗೆ ಮುಂಚೆಯೇ ತಡೆಯಲಿಕ್ಕೆ, ಬಿದ್ದು ಪೆಟ್ಟಾದರೆ ಫ್ರಿಜ್‌ನ ಈ ಬಾಟಲಿ ಬೇಕಾಗಬಹುದು. ಮತ್ತೆ, ಅದನ್ನು ತೆಗೆದುಕೊಳ್ಳುವವರ ಎಪಿಟಿಟಿ ನಾರ್ಮಲ್ ಅಂತ ಬರುತ್ತದೆ, ಮಾಮೂಲಿ ಫ್ಯಾಕ್ಟರ್ ಟೆಸ್ಟ್ ಕೂಡ ಸುಳ್ಳು ಹೇಳುತ್ತದೆ. ಗೊತ್ತಿಲ್ಲದವರು ರಿಪೋರ್ಟ್ ನೋಡಿ "ನಿಮ್ಮ ಮಗನಿಗೆ ಏನೂ ಇಲ್ವಲ್ಲ" ಅಂದುಬಿಟ್ಟಾರು. ರಕ್ತ ಕೊಡುವ ಮುಂಚೆಯೇ ಲ್ಯಾಬಿನವರಿಗೆ ಹೇಳಿ.

ಅಂಕ ಬೇಕೆಂದರೆ ಪುಡಿಗೆ ಐದಕ್ಕೆ ಐದು, ಪೆಟ್ಟಿಗೆಗೆ ಎರಡು. ಸೂಜಿ ಹಾಕಲು ಹೆದರಿಕೆ ಇರುವವರು ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯವರನ್ನು ಕೇಳಿ ನೋಡಿ. ಮತ್ತೆ ಬಾಟಲಿಯ ಬ್ಯಾಚ್ ನಂಬರ್, ತಾರೀಕು, ಯಾವ ಕೀಲು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನಮ್ಮದು ಈಗ ಮೂರನೇ ನೋಟ್‌ಬುಕ್, ಈಗೀಗ ಅವನೇ ಬರೆಯುತ್ತಾನೆ, ಎಡ ಮಂಡಿಗೆ "ಎ.ಮಂ." ಅಂತ.