ಹಳೇ ವೀಣೆಗೆ ಪಾಲಿಶ್ ಮಾಡಿಸುವ ಮುಂಚೆ ಇದನ್ನೊಮ್ಮೆ ಓದಿ

ಮನೆಯಲ್ಲಿ ಹಳೇ ವೀಣೆ ಇಟ್ಟುಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಜ್ಜಿಯ ವೀಣೆಯ ನಾದವನ್ನು ನಾನೇ ಕೈಯಾರೆ, ಅದೂ ದುಡ್ಡು ಕೊಟ್ಟು, ಹಾಳು ಮಾಡಿಸಿಕೊಂಡೆ.

ಹಲಸಿನ ಮರದ ವೀಣೆ. ಬಣ್ಣ ಮಾಸಿತ್ತು. ಕೊಡದ (ವೀಣೆಯ ಬುಡದ ದುಂಡನೆಯ ಟೊಳ್ಳು ಭಾಗ) ಮೇಲಿನ ಹಲಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ಮಂದ್ರದ ತಂತಿ ಮೀಟಿದರೆ ಗಿರ್ ಅನ್ನುತ್ತಿತ್ತು. ನವರಾತ್ರಿಯೊಳಗೆ ಸರಿಯಾಗಲಿ ಅಂತ ಒಂದು ಅಂಗಡಿಗೆ ಕೊಟ್ಟೆ. "ಹೊಸದರ ಥರ ಮಾಡಿಕೊಡ್ತೀವಿ ಮೇಡಂ" ಅಂದರು. ಮಾಡಿಯೂ ಕೊಟ್ಟರು. ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು!

ಮನೆಗೆ ತಂದು ಶ್ರುತಿ ಮಾಡಿ ಸಾರಣಿ, ಅಂದರೆ ಮೊದಲ ತಂತಿ, ಮೀಟಿದೆ. ಟಣಕ್ ಅಂತು, ಅಷ್ಟೇ. ಮುಂಚೆ ಒಂದೇ ಮೀಟಿನಲ್ಲಿ ಉದ್ದದ ಗಮಕ (ಸ್ವರವನ್ನು ತೂಗಿ ಬಳುಕಿಸುವುದು) ಎಳೆದು ಮುಗಿಸಿದ ಮೇಲೂ ನಾದ ಉಳಿದಿರುತ್ತಿತ್ತು. ಈಗ ಅರ್ಧ ದಾರಿಗೇ ಉಸಿರು ಕಟ್ಟುತ್ತದೆ. ತಂತಿಯದೇ ದೋಷ ಇರಬೇಕು ಅಂತ 7 ತಂತಿಗಳನ್ನೂ ಬದಲಾಯಿಸಿದೆ. ಸುಮ್ನೆ ದಂಡ.

ಕೊನೆಗೆ ಮೇಷ್ಟ್ರ ಮನೆಗೆ ಹೊತ್ತುಕೊಂಡು ಹೋದೆ. ಅವರು ತಂತಿ ಮುಟ್ಟಲೇ ಇಲ್ಲ. ಕುದುರೆ (ಹಲಗೆಯ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಸಣ್ಣ ಸೇತುವೆಯಂಥ ತುಂಡು) ಪಕ್ಕದ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಟಪ್. ತಮ್ಮ ವೀಣೆಯನ್ನು ತಟ್ಟಿದರು. ಧೊಂ. "ಏನಮ್ಮಾ ಮಾಡಿಸಿದೆ ಇದಕ್ಕೆ?" ಅಂದರು.

ಅಂಗಡಿಗೆ ಫೋನ್ ಮಾಡಿದೆ. ಹೆಮ್ಮೆಯಿಂದಲೇ ಹೇಳಿದರು: ಹಲಗೆ ಬಿಚ್ಚಿ, ಬಿರುಕಿಗೆ ಒಳಗಿನಿಂದ ಪ್ಲೈವುಡ್ ತುಂಡು ಅಂಟಿಸಿ, ಮೇಲೆ ಐದು ಕೋಟ್ ಪಾಲಿಶ್ ಹೊಡೆದಿದ್ದಾರಂತೆ. ಊಟದ ಮೇಜಿಗಾದರೆ ಒಳ್ಳೆ ಕೆಲಸವೇ.

ಸಣ್ಣ ತಂತಿ ತಾನೊಂದೇ ಎಷ್ಟು ಗಾಳಿ ಅಲುಗಿಸೀತು? ಅದರ ಅದುರು ಕುದುರೆಯ ಮೂಲಕ ಹಲಗೆಗೆ ಇಳಿಯಬೇಕು. ಅಗಲವಾದ ಹಲಗೆ ಅದುರಿ ಗಾಳಿಯನ್ನು ತಳ್ಳಿದರೇನೇ ನಮ್ಮ ಕಿವಿಗೆ ನಾದ. ಆ ಹಲಗೆಗೆ ತೂಕ ಹೇರಿದರೆ, ಬಿಗಿ ಮಾಡಿದರೆ, ಅದು ಅದುರುವ ರೀತಿಯೇ ಬದಲಾಗುತ್ತದೆ. ದಪ್ಪ ಪಾಲಿಶ್, ಅಂಟು ಬೇರೆ ಅದುರನ್ನು ನುಂಗುತ್ತವೆ. ಪಿಟೀಲಿನ ಕುದುರೆಗೆ ಮ್ಯೂಟ್ ಸಿಕ್ಕಿಸುತ್ತಾರಲ್ವಾ? ಕೆಲವೇ ಗ್ರಾಂ ತೂಕ, ಅಷ್ಟಕ್ಕೇ ದನಿ ಮಂಕಾಗುತ್ತದೆ. ನಾನು ಕಾಯಂ ಮ್ಯೂಟ್ ಹಾಕಿಸಿಕೊಂಡು ಬಂದಿದ್ದೆ.

ಕುದುರೆಯ ಮೇಲಿನ ಹಿತ್ತಾಳೆ ತಗಡಿಗೆ ಕೈ ಹಾಕಿರಲಿಲ್ಲ, ಪುಣ್ಯ. ಅದರ ಸಣ್ಣ ಉಬ್ಬು ನಾದವನ್ನು ಹೇಗೆ ತುಂಬುತ್ತದೆ ಅಂತ ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದರು. ಹೊಳಪಿಗೆ ಅಂತ ಉಜ್ಜಿ ಮಟ್ಟಸ ಮಾಡಿದ್ದರೆ ಅದೂ ಹೋಗುತ್ತಿತ್ತು.

ರಿಪೇರಿಗೆ ಕೊಡುವ ಮುಂಚೆ ಹಲಗೆ ತಟ್ಟಿದ ಸದ್ದು, ಒಂದೊಂದು ತಂತಿಯ ಮೀಟು, ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನನ್ನ ಹತ್ತಿರ ಅದೂ ಇರಲಿಲ್ಲ. "ಮುಂಚೆಯೂ ಹೀಗೇ ಇತ್ತು" ಅಂತ ಅಂಗಡಿಯವರು ಸಾಧಿಸಿದಾಗ ತೆಪ್ಪಗಾಗಬೇಕಾಯಿತು. ಹಲಗೆಗೆ ಏನು ಹಚ್ಚುತ್ತೀರಿ, ಎಷ್ಟು ದಪ್ಪ ಅಂತ ಕೇಳಿ. ಫರ್ನಿಚರ್ ಪಾಲಿಶ್ ಅಂದರೆ ವೀಣೆ ವಾಪಸ್ ತನ್ನಿ. ವೀಣೆ ಮಾಡುವವರಿಗೇ ತೋರಿಸಿ. ಕಾದರೂ ಪರವಾಗಿಲ್ಲ.

ಈಗ ವೀಣೆ ಮಾಡುವವರೊಬ್ಬರು ಪಾಲಿಶ್ ಕೆರೆದು ಕೊಟ್ಟಿದ್ದಾರೆ. ದನಿ ಸ್ವಲ್ಪ ಬಿಚ್ಚಿಕೊಂಡಿದೆ. ಪ್ಲೈವುಡ್ ಇನ್ನೂ ಒಳಗೇ ಇದೆ. ತೆಗೆಯಲು ಹೋದರೆ ಹಲಗೆಯೇ ಸೀಳಬಹುದು ಅಂದಿದ್ದಾರೆ. ನನಗಿನ್ನೂ ಧೈರ್ಯ ಬಂದಿಲ್ಲ.